ಕಾಳು ಆರಿಸುವ ಯಂತ್ರ, ಆಳು ಆರಿಸುವ ಯಂತ್ರ

2025ರ ನವೆಂಬರ್ ತಿಂಗಳಲ್ಲಿ ದಿಲ್ಲಿಯಿಂದ ಎರಡು ಕಾಗದಗಳು ಹೊರಬಿದ್ದವು. 5ನೆಯ ತಾರೀಖಿನಂದು ಕೇಂದ್ರದ ಎಲೆಕ್ಟ್ರಾನಿಕ್ಸ್ ಮತ್ತು ಮಾಹಿತಿ ತಂತ್ರಜ್ಞಾನ ಸಚಿವಾಲಯವು ಕೃತಕ ಬುದ್ಧಿಮತ್ತೆಯ, ಅಂದರೆ ಈಗ ಎಲ್ಲರ ಬಾಯಲ್ಲಿರುವ ಎಐ ಎಂಬುದರ, ಆಡಳಿತಕ್ಕಾಗಿ ಮಾರ್ಗಸೂಚಿಗಳನ್ನು ಪ್ರಕಟಿಸಿತು. ಅದೇ ತಿಂಗಳ ನಡುವಿನಲ್ಲಿ, 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯಿದೆಯ ನಿಯಮಗಳು ಗೆಜೆಟ್ಟಿನಲ್ಲಿ ಅಚ್ಚಾದವು. ಬಸವಕಲ್ಯಾಣದ ಪೇಟೆಯಲ್ಲಿ, ಹುಮನಾಬಾದದ ಗಿರಣಿಗಳ ಬಾಗಿಲಲ್ಲಿ ಇವುಗಳ ಮಾತು ಹೆಚ್ಚಾಗಿ ಏಳಲಿಲ್ಲ. ಇದೆಲ್ಲ ಬೆಂಗಳೂರು, ಹೈದರಾಬಾದುಗಳ ದೊಡ್ಡ ಕಂಪನಿಗಳ ವ್ಯವಹಾರ, ಕಿರಾಣಿ ಅಂಗಡಿಗೂ ಬೇಳೆ ಗಿರಣಿಗೂ ಇದರಿಂದೇನು ಎಂಬುದು ಸಾಮಾನ್ಯ ಭಾವನೆ. ಈ ಭಾವನೆಯನ್ನು ಹೋಗಲಾಡಿಸುವುದು ಅಗತ್ಯವೆಂದು ನಾವು ತಿಳಿದಿದ್ದೇವೆ.

ಮೊದಲಿಗೆ ನಿಜಸ್ಥಿತಿಯನ್ನು ನೋಡೋಣ. ಬೇಳೆ ಗಿರಣಿಗಳಲ್ಲಿ ತೊಗರಿಯಿಂದ ಕಲ್ಲು, ಕಪ್ಪು ಕಾಳು, ಮುರುಕು ಆರಿಸುವ ಕೆಲಸ ಹೆಣ್ಣುಮಕ್ಕಳ ಕೈಯಲ್ಲಿತ್ತು. ಈಗ ಅನೇಕ ಕಡೆ ಆ ಕೆಲಸವನ್ನು ಕ್ಯಾಮೆರಾ ಇರುವ ಯಂತ್ರ ಮಾಡುತ್ತದೆ. ಕಾಳು ಜಾರಿ ಬೀಳುವಾಗ ಕ್ಯಾಮೆರಾ ಅದರ ಬಣ್ಣ ನೋಡುತ್ತದೆ. ಬಣ್ಣ ಕೆಟ್ಟ ಕಾಳನ್ನು ಗಾಳಿಯ ಹೊಡೆತದಿಂದ ಬದಿಗೆ ತಳ್ಳುತ್ತದೆ. ಹೊಸ ಮಾದರಿಯ ಯಂತ್ರಗಳನ್ನು ಎಐ ಎಂಬ ಹೆಸರಿನಲ್ಲೇ ಮಾರುತ್ತಾರೆ. ಇದು ಕಾಳು ಆರಿಸುವ ಯಂತ್ರ. ಇನ್ನೊಂದು ಜಾತಿಯ ಯಂತ್ರವೂ ಇದೆ. ಗೇಟಿನಲ್ಲಿ ಮುಖ ನೋಡಿ ಹಾಜರಿ ಹಾಕುವುದು, ಯಾರು ಎಷ್ಟು ಹೊತ್ತು ಯಂತ್ರದ ಮುಂದಿದ್ದರು ಎಂದು ಲೆಕ್ಕವಿಡುವುದು, ಯಾವ ವ್ಯಾಪಾರಿಗೆ ಸಾಲ ಕೊಡಬಹುದು ಯಾರಿಗೆ ಕೊಡಬಾರದು ಎಂದು ಅಂಕ ಹಾಕುವುದು, ಉದ್ರಿ ಗಿರಾಕಿಗಳಲ್ಲಿ ಯಾರು ಬಾಕಿ ಕಟ್ಟುವವರು ಯಾರು ಕಟ್ಟದವರು ಎಂದು ಫೋನಿನೊಳಗೆ ಪಟ್ಟಿ ಮಾಡುವುದು ಇದರ ಕೆಲಸ. ಇದು ಆಳು ಆರಿಸುವ ಯಂತ್ರ.

ಈ ಎರಡರ ನಡುವಿನ ಭೇದವನ್ನು ಅರಿತವನಿಗೆ ಮುಂದಿನ ಕಾನೂನೆಲ್ಲ ಅರ್ಧ ಅರ್ಥವಾದಂತೆಯೇ. ಕಾಳಿನ ಬಣ್ಣ ತಪ್ಪಾಗಿ ಓದಿದರೆ ಒಂದು ಸೇರು ಬೇಳೆ ಹೊಟ್ಟಿನ ರಾಶಿಗೆ ಹೋಗುತ್ತದೆ. ಮನುಷ್ಯನ ಮುಖ ತಪ್ಪಾಗಿ ಓದಿದರೆ ಒಂದು ದಿನದ ಪಗಾರ ಹೋಗುತ್ತದೆ. ಕಾಳಿಗೆ ದೂರು ಹೇಳಲು ಬಾಯಿಲ್ಲ; ಮನುಷ್ಯನಿಗೆ ಬಾಯಿದೆ, ಆದರೆ ಕೇಳುವವರು ಯಾರು?

ಇನ್ನು ಕಾನೂನಿನ ಮಾತು. ಭಾರತದಲ್ಲಿ ಎಐಗೆಂದೇ ಪ್ರತ್ಯೇಕವಾದ ಕಾಯಿದೆ ಇಲ್ಲ. ನವೆಂಬರಿನ ಮಾರ್ಗಸೂಚಿಗಳು ಸದ್ಯಕ್ಕೆ ಅಂಥ ಕಾಯಿದೆಯ ಅಗತ್ಯವಿಲ್ಲ, ಇರುವ ಕಾನೂನುಗಳನ್ನೇ ಅನ್ವಯಿಸಬೇಕು ಎಂಬ ಧೋರಣೆಯನ್ನು ತಳೆದಿವೆ. ಹಾಗೆಂದ ಮಾತ್ರಕ್ಕೆ ಯಾರೂ ಏನೂ ಮಾಡಬೇಕಾಗಿಲ್ಲ ಎಂದು ತಿಳಿಯುವುದು ಮೋಸಹೋಗುವ ದಾರಿ. ಇರುವ ಕಾನೂನುಗಳೇ ಸಾಕಷ್ಟಿವೆ. ಅವುಗಳಲ್ಲಿ ಮುಖ್ಯವಾದುದು ದತ್ತಾಂಶ ಸಂರಕ್ಷಣಾ ಕಾಯಿದೆ. ಅದರ ಮುಖ್ಯ ಕಲಮುಗಳು ನಿಯಮಗಳು ಪ್ರಕಟವಾದ 18 ತಿಂಗಳ ನಂತರ, ಅಂದರೆ 2027ರ ಮೇ ತಿಂಗಳಲ್ಲಿ, ಜಾರಿಗೆ ಬರಬೇಕೆಂದು ಆಗ ಗೊತ್ತುಪಡಿಸಲಾಯಿತು.

ಈ ಕಾಯಿದೆ ಹೇಳುವುದೇನು? ಒಬ್ಬನ ಹೆಸರು, ಫೋನ್ ನಂಬರು, ಮುಖದ ಚಿತ್ರ, ಬೆರಳಚ್ಚು, ಸಾಲದ ಲೆಕ್ಕ ಇವುಗಳನ್ನು ಡಿಜಿಟಲ್ ರೂಪದಲ್ಲಿ ಇಟ್ಟುಕೊಳ್ಳುವವನು ಅದಕ್ಕೆ ಜವಾಬ್ದಾರ. ಯಾಕಾಗಿ ಇಟ್ಟುಕೊಳ್ಳುತ್ತೇನೆಂದು ತಿಳಿಸಿ ಒಪ್ಪಿಗೆ ಪಡೆಯಬೇಕು. ಆ ತಿಳುವಳಿಕೆ ಪತ್ರವನ್ನು ಇಂಗ್ಲಿಷಿನಲ್ಲಿ ಅಥವಾ ಸಂವಿಧಾನದ 8ನೆಯ ಅನುಸೂಚಿಯ ಯಾವುದೇ ಭಾಷೆಯಲ್ಲಿ ಓದುವ ಅವಕಾಶ ಕೊಡಬೇಕು. ಕನ್ನಡ ಅದರಲ್ಲಿ ಸೇರಿದೆ. ಕೊಟ್ಟ ಒಪ್ಪಿಗೆಯನ್ನು ಹಿಂದಕ್ಕೆ ತೆಗೆದುಕೊಳ್ಳುವುದು, ಕೊಟ್ಟಷ್ಟೇ ಸುಲಭವಾಗಿರಬೇಕು. ಆ ಮಾಹಿತಿಯನ್ನು ನೋಡಿ ಒಬ್ಬನ ಮೇಲೆ ತೀರ್ಮಾನ ಮಾಡುವುದಾದರೆ ಅದು ಪೂರ್ತಿಯೂ ಸರಿಯೂ ಆಗಿರುವಂತೆ ನೋಡಿಕೊಳ್ಳಬೇಕು. ಮಾಹಿತಿ ಸೋರಿಹೋದರೆ ಸಂಬಂಧಪಟ್ಟವರಿಗೂ ಮಂಡಳಿಗೂ ತಡಮಾಡದೆ ತಿಳಿಸಬೇಕು. ಮಂಡಳಿಗೆ ವಿವರವಾದ ವರದಿ 72 ಗಂಟೆಗಳೊಳಗೆ ಹೋಗಬೇಕು. ಕಾಗದದ ಖಾತೆ ಪುಸ್ತಕ ಕಾಗದವಾಗಿಯೇ ಇರುವವರೆಗೆ ಈ ಕಾಯಿದೆ ಅದನ್ನು ಮುಟ್ಟದು. ಅದೇ ಪುಸ್ತಕವನ್ನು ಫೋನಿಗೆ ಏರಿಸಿದ ಗಳಿಗೆಯಿಂದ ಮುಟ್ಟುತ್ತದೆ.

ದಂಡದ ಅಂಕಿಗಳನ್ನು ಕೇಳಿದರೆ ಎದೆ ಝಲ್ಲೆನ್ನುತ್ತದೆ. ಭದ್ರತೆಯಲ್ಲಿ ಲೋಪವಾದರೆ 250 ಕೋಟಿ ರೂಪಾಯಿಗಳವರೆಗೆ, ಸೋರಿಕೆಯನ್ನು ತಿಳಿಸದಿದ್ದರೆ 200 ಕೋಟಿಯವರೆಗೆ. ಇವು ಮೇಲಿನ ಮಿತಿಗಳು. ತಪ್ಪಿನ ಸ್ವರೂಪ, ಗಾತ್ರ ನೋಡಿ ದಂಡ ವಿಧಿಸಬೇಕೆಂದು ಕಾಯಿದೆಯೇ ಹೇಳುತ್ತದೆ. ಆದ್ದರಿಂದ ನಾಳೆ ಯಾರಾದರೂ ಬಂದು, ಇಷ್ಟು ಸಾವಿರ ಕೊಡಿ, ನಿಮಗೊಂದು ಸರ್ಟಿಫಿಕೇಟು ಮಾಡಿಕೊಡುತ್ತೇವೆ, ಇಲ್ಲವಾದರೆ 250 ಕೋಟಿ ದಂಡ ಬೀಳುತ್ತದೆ ಎಂದು ಹೆದರಿಸಿದರೆ ನಮ್ಮ ವ್ಯಾಪಾರಿ ಬಂಧುಗಳು ಹೆದರಬೇಕಾಗಿಲ್ಲ. ಆದರೆ ಒಂದು ಮಾತನ್ನು ಮಾತ್ರ ಮರೆಯಬಾರದು. ಸಾಫ್ಟ್‌ವೇರ್ ಕೊಟ್ಟ ಕಂಪನಿ ತಪ್ಪು ಮಾಡಿತು, ನನಗೇನೂ ಗೊತ್ತಿಲ್ಲ ಎಂಬ ಉತ್ತರ ಈ ಕಾಯಿದೆಯ ಮುಂದೆ ನಡೆಯದು. ಕೆಲಸವನ್ನು ಬೇರೆಯವರಿಗೆ ವಹಿಸಿದರೂ ಹೊಣೆ ವಹಿಸಿದವನದೇ ಎಂದು 8ನೆಯ ಕಲಮು ಸ್ಪಷ್ಟವಾಗಿ ಹೇಳುತ್ತದೆ. ಅಂದರೆ ಯಂತ್ರ ಮಾಡಿದವನು ದೂರದ ನಗರದಲ್ಲಿ ಸುರಕ್ಷಿತವಾಗಿರುತ್ತಾನೆ, ಅದನ್ನು ಕೊಂಡ ಹುಮನಾಬಾದದ ಸಣ್ಣ ಮಾಲೀಕ ಕಟಕಟೆಯಲ್ಲಿ ನಿಲ್ಲುತ್ತಾನೆ. ಇದು ನ್ಯಾಯವೇ ಎಂಬ ಪ್ರಶ್ನೆಯನ್ನು ನಾವು ಮುಂದೆ ಎತ್ತಿಕೊಳ್ಳುತ್ತೇವೆ.

ಸಿದ್ಧತೆ ಇಲ್ಲದೆ ಕುಳಿತರೆ ಏನಾಗುತ್ತದೆ ಎಂಬುದಕ್ಕೆ ಬಹಳ ಹಿಂದಕ್ಕೆ ಹೋಗಬೇಕಾಗಿಲ್ಲ. 2025ರ ಜುಲೈ ತಿಂಗಳಲ್ಲಿ ಕರ್ನಾಟಕದ ವಾಣಿಜ್ಯ ತೆರಿಗೆ ಇಲಾಖೆ ಯುಪಿಐ ಮೂಲಕ ಬಂದ ಹಣದ ಲೆಕ್ಕ ಹಿಡಿದು ಸಾವಿರಾರು ಸಣ್ಣ ವ್ಯಾಪಾರಿಗಳಿಗೆ ನೋಟೀಸು ಕಳಿಸಿತು. 40 ಲಕ್ಷ ರೂಪಾಯಿಗಳ ಗೆರೆ ದಾಟಿದವರೆಲ್ಲ ಜಿಎಸ್‌ಟಿ ಕಟ್ಟಬೇಕಾದವರೆಂದು ಅಂಕಿಗಳು ಹೇಳಿದವು. ಬಂದ ಹಣದಲ್ಲಿ ತೆರಿಗೆಯಿಲ್ಲದ ತರಕಾರಿ, ಹಾಲಿನ ಹಣವೆಷ್ಟು, ಅಣ್ಣತಮ್ಮಂದಿರು ಕೊಟ್ಟ ಕೈಗಡವೆಷ್ಟು ಎಂಬುದು ಅಂಕಿಗಳಿಗೆ ಗೊತ್ತಿರಲಿಲ್ಲ. ತರಕಾರಿ ಮಾರುವವರಿಗೂ ಲಕ್ಷಾಂತರ ರೂಪಾಯಿಗಳ ನೋಟೀಸು ಬಂದವು. ಅನೇಕರು ಕ್ಯೂಆರ್ ಚೀಟಿಯನ್ನು ಕಿತ್ತೆಸೆದು, ನಗದು ಮಾತ್ರ ಎಂಬ ಹಲಗೆ ತೂಗಹಾಕಿದರು. ಬಂದಿಗೆ ಕರೆ ಬಿತ್ತು. ಜುಲೈ 23ರಂದು ಮುಖ್ಯಮಂತ್ರಿ ಸಿದ್ದರಾಮಯ್ಯನವರು ವ್ಯಾಪಾರಿಗಳ ಪ್ರತಿನಿಧಿಗಳನ್ನು ಕರೆದು ಮಾತನಾಡಿ, ಹಳೆಯ ಬಾಕಿಯನ್ನು ವಸೂಲು ಮಾಡುವುದಿಲ್ಲ, ಮುಂದೆ ನೋಂದಣಿ ಮಾಡಿಸಿಕೊಳ್ಳಬೇಕು ಎಂದು ಹೇಳಿದ ಮೇಲೆ ಗಲಾಟೆ ತಣ್ಣಗಾಯಿತು. ಇದರಿಂದ ಎರಡು ಪಾಠ. ಅಂಕಿಗಳನ್ನು ಮಾತ್ರ ನೋಡಿ ಮಾಡಿದ ತೀರ್ಮಾನ ಬಡವನ ಮೇಲೆ ಮೊದಲು ಬೀಳುತ್ತದೆ ಎಂಬುದು ಒಂದು. ಖಾತೆ ಇಟ್ಟವನು ಉತ್ತರ ಕೊಡಬಲ್ಲ, ಇಡದವನು ಬರಿಗೈಯಲ್ಲಿ ನಿಲ್ಲುತ್ತಾನೆ ಎಂಬುದು ಇನ್ನೊಂದು.

ಗಡಿಯಾಚೆಯ ಸಂಗತಿ ಇದಕ್ಕಿಂತ ಕಠೋರವಾದುದು. ನಮ್ಮ ಹೆದ್ದಾರಿಯಲ್ಲೇ ಪೂರ್ವಕ್ಕೆ ಹೋದರೆ ಜಹೀರಾಬಾದ್ ಸಿಕ್ಕುತ್ತದೆ, ಅದು ತೆಲಂಗಾಣ. ಆ ರಾಜ್ಯದ ಸರ್ಕಾರ ಹತ್ತಾರು ಇಲಾಖೆಗಳ ಪಟ್ಟಿಗಳನ್ನು ಒಂದಕ್ಕೊಂದು ಹೊಂದಿಸಿ ನೋಡುವ ಸಮಗ್ರ ವೇದಿಕೆ ಎಂಬ ವ್ಯವಸ್ಥೆಯನ್ನು ಕಟ್ಟಿತು. ಯಾರು ನಿಜವಾದ ಬಡವರು, ಯಾರು ಅಲ್ಲ ಎಂದು ಗುರುತಿಸಲು ಅದನ್ನು ಬಳಸಿತು. 2016ರಿಂದಾಚೆಗೆ ಸುಮಾರು 19 ಲಕ್ಷ ರೇಷನ್ ಕಾರ್ಡುಗಳು ರದ್ದಾದವು. ಮನೆಮನೆಗೆ ಹೋಗಿ ನೋಡದೆ ಹೀಗೆ ಮಾಡಿದುದು ಸುಪ್ರೀಂ ಕೋರ್ಟಿನ ಮುಂದೆ ಬಂತು. ರದ್ದಾದ ಕಾರ್ಡುಗಳನ್ನೆಲ್ಲ ಸ್ಥಳ ತನಿಖೆ ಮಾಡಿ ಮತ್ತೆ ಪರಿಶೀಲಿಸಬೇಕೆಂದು 2022ರ ಏಪ್ರಿಲಿನಲ್ಲಿ ಅದು ಆಜ್ಞೆ ಮಾಡಿತು. ಹೆಸರು ಹೋಲಿದ ಮಾತ್ರಕ್ಕೆ ಬೇರೆ ಯಾರದೋ ಕಾರು ಬಡವನ ಮನೆಯ ಲೆಕ್ಕಕ್ಕೆ ಬರುವುದು ಇಂಥ ವ್ಯವಸ್ಥೆಯಲ್ಲಿ ಸುಲಭ. ಇಲ್ಲದ ಕಾರು ತನ್ನದಲ್ಲ ಎಂದು ಸಾಬೀತು ಮಾಡುವುದು ಆ ಬಡವನಿಗೆ ಸುಲಭವಲ್ಲ. ದೂರದ ನೆದರ್ಲೆಂಡಿನಲ್ಲೂ ಹೀಗೇ ಆಯಿತು. ಮಕ್ಕಳ ಪಾಲನೆಯ ಸಹಾಯಧನ ಪಡೆಯುತ್ತಿದ್ದ ಸಾವಿರಾರು ತಾಯಿತಂದೆಯರನ್ನು ಅಲ್ಲಿಯ ತೆರಿಗೆ ಇಲಾಖೆ ಮೋಸಗಾರರೆಂದು ತಪ್ಪಾಗಿ ಎಣಿಸಿತು. ಅನುಮಾನಿತರನ್ನು ಆರಿಸಲು ಗಣಕದ ಲೆಕ್ಕವನ್ನೂ ಬಳಸಿತ್ತು. 2021ರ ಜನವರಿಯಲ್ಲಿ ಅಲ್ಲಿಯ ಸರ್ಕಾರವೇ ರಾಜೀನಾಮೆ ಕೊಡಬೇಕಾಯಿತು.

ಆದುದರಿಂದ ನಿಯಮಗಳು ಬೇಡವೆಂದು ಹೇಳುವವರ ಜೊತೆ ನಾವಿಲ್ಲ. ನಿಯಮ ಬೇಕು. ಯಾರ ಮೇಲೆ ಎಷ್ಟು ಭಾರ, ಯಾರಿಗೆ ಯಾವ ರಕ್ಷಣೆ ಎಂಬುದೇ ಪ್ರಶ್ನೆ.

ಇಲ್ಲಿ ನಮ್ಮ ಓದುಗರಲ್ಲೇ ಎರಡು ಅಭಿಪ್ರಾಯಗಳಿರುವುದು ಸಹಜ. ಸಣ್ಣ ವ್ಯಾಪಾರಿ ಹೇಳುತ್ತಾನೆ: ಜಿಎಸ್‌ಟಿ ಕಾಗದ, ಪುರಸಭೆಯ ಲೈಸೆನ್ಸು, ಎಪಿಎಂಸಿ ಶುಲ್ಕ, ಆಹಾರ ಸುರಕ್ಷತೆಯ ನೋಂದಣಿ ಇವೇ ಸಾಕಾಗಿವೆ, ಇನ್ನೊಂದು ಬೇಡ, ನಮಗೆ ವಿನಾಯಿತಿ ಕೊಡಿ. ಗಿರಣಿ ಕಾರ್ಮಿಕ ಹೇಳುತ್ತಾನೆ: ಮಾಲೀಕ ಸಣ್ಣವನಾದರೂ ಪಗಾರ ಕತ್ತರಿಸಿದರೆ ನನ್ನ ಹೊಟ್ಟೆಗೆ ಆಗುವ ನೋವು ಸಣ್ಣದಲ್ಲ, ವಿನಾಯಿತಿ ಕೊಡಬೇಡಿ. ಇಬ್ಬರ ಮಾತಿನಲ್ಲೂ ಸತ್ಯವಿದೆ. ಇಬ್ಬರನ್ನೂ ಒಬ್ಬರ ಮೇಲೊಬ್ಬರನ್ನು ಎತ್ತಿಕಟ್ಟಿ ದೊಡ್ಡ ಕಂಪನಿಗಳು ನಡುವೆ ಜಾರಿಕೊಳ್ಳುವುದೇ ನಿಜವಾದ ಅಪಾಯ.

ಕಾಯಿದೆ ಈ ಬಗ್ಗೆ ಏನು ಮಾಡಿದೆ ನೋಡಿ. 17ನೆಯ ಕಲಮಿನ ಪ್ರಕಾರ ಕೇಂದ್ರ ಸರ್ಕಾರ ಸ್ಟಾರ್ಟಪ್ಪುಗಳೂ ಸೇರಿದಂತೆ ಕೆಲವು ವರ್ಗದವರಿಗೆ ಕೆಲವು ಕಲಮುಗಳಿಂದ ವಿನಾಯಿತಿ ಕೊಡಬಹುದು. ಸ್ಟಾರ್ಟಪ್ಪಿನ ಹೆಸರು ಕಾಯಿದೆಯಲ್ಲಿ ಎದ್ದು ಕಾಣುತ್ತದೆ. ಕಿರಾಣಿ ಅಂಗಡಿಯ ಹೆಸರು, ಅಡತ ಅಂಗಡಿಯ ಹೆಸರು, ಸಸ್ತಾಪುರ ಬಂಗ್ಲಾದ ಬಳಿ ಲಾರಿ ರಿಪೇರಿ ಮಾಡುವ ವರ್ಕ್‌ಶಾಪಿನ ಹೆಸರು ಎಲ್ಲಿಯೂ ಇಲ್ಲ. ಹಣವಂತರ ಬಂಡವಾಳದಿಂದ ನಡೆಯುವ ಹೊಸ ಕಂಪನಿಗೆ ದಯೆ, ಉದ್ರಿಯಿಂದ ನಡೆಯುವ ಹಳೆಯ ಅಂಗಡಿಗೆ ಮೌನ! ಇದು ಮೊದಲನೆಯ ಅನ್ಯಾಯ. ಇನ್ನು, ಹೀಗೆ ವಿನಾಯಿತಿ ಕೊಡಬಹುದಾದ ಕಲಮುಗಳಲ್ಲಿ ತಿಳುವಳಿಕೆ ಪತ್ರದ ಕಲಮಿದೆ, ಮಾಹಿತಿ ಸರಿಯಾಗಿರಬೇಕೆಂಬ ಕಲಮೂ ಇದೆ. ಪತ್ರದ ವಿಚಾರದಲ್ಲಿ ಸಡಿಲಿಕೆ ಕೊಟ್ಟರೆ ಯಾರ ಗಂಟೂ ಹೋಗದು. ಆದರೆ ಒಬ್ಬನ ಕೆಲಸ, ಕೂಲಿ, ಸಾಲವನ್ನು ನಿರ್ಧರಿಸುವ ಮಾಹಿತಿ ತಪ್ಪಾಗಿದ್ದರೂ ನಡೆಯುತ್ತದೆ ಎಂದು ಯಾರಿಗೂ ವಿನಾಯಿತಿ ಕೊಡಕೂಡದು. ಸುಳ್ಳು ತಕ್ಕಡಿಗೆ ಸಣ್ಣ ಅಂಗಡಿ ಎಂಬ ನೆಪವಿಲ್ಲ.

ಎರಡನೆಯ ಅನ್ಯಾಯ ಕಾರ್ಮಿಕರಿಗೆ ಸಂಬಂಧಿಸಿದುದು. ಗಿರಾಕಿಯ ಮಾಹಿತಿ ಪಡೆಯಲು ಒಪ್ಪಿಗೆ ಬೇಕೆನ್ನುವ ಕಾಯಿದೆಯೇ, ಉದ್ಯೋಗದ ಉದ್ದೇಶಕ್ಕಾಗಿ ಮತ್ತು ಮಾಲೀಕನನ್ನು ನಷ್ಟದಿಂದ ಕಾಪಾಡುವುದಕ್ಕಾಗಿ ಕಾರ್ಮಿಕನ ಮಾಹಿತಿಯನ್ನು ಒಪ್ಪಿಗೆಯಿಲ್ಲದೆ ಬಳಸಬಹುದೆಂದು 7ನೆಯ ಕಲಮಿನಲ್ಲಿ ಹೇಳುತ್ತದೆ. ಅಂಗಡಿಗೆ ಸೋಪು ಕೊಳ್ಳಲು ಬಂದವನ ಫೋನ್ ನಂಬರಿಗೆ ಒಪ್ಪಿಗೆ ಬೇಕು. ಅದೇ ಊರಿನ ಗಿರಣಿಯಲ್ಲಿ 20 ವರ್ಷ ದುಡಿದವನ ಮುಖದ ಚಿತ್ರಕ್ಕೆ ಒಪ್ಪಿಗೆ ಬೇಡ. ದುಡಿಯುವವನು ಗಿರಾಕಿಗಿಂತ ಕೀಳೇ? ಅಲ್ಲದೆ, ಈ ಕಾಯಿದೆಯ ಪ್ರಕಾರ ವಸೂಲಾಗುವ ದಂಡದ ಹಣ ಭಾರತದ ಸಂಚಿತ ನಿಧಿಗೆ ಹೋಗುತ್ತದೆ, ನೊಂದವನ ಕೈಗೆ ಒಂದು ಪೈಸೆಯೂ ಬರುವುದಿಲ್ಲ. ಹುರುಳಿಲ್ಲದ ದೂರು ಕೊಟ್ಟನೆಂದಾದರೆ ಮಾತ್ರ ದೂರು ಕೊಟ್ಟವನಿಗೇ 10,000 ರೂಪಾಯಿಗಳವರೆಗೆ ದಂಡ ಬೀಳಬಹುದು!

ಇಷ್ಟಾದರೂ ಕೈಕಟ್ಟಿ ಕೂರುವುದು ಸಲ್ಲದು. ಕಾನೂನು ತಿದ್ದುವ ಹೋರಾಟ ಒಂದು ಕಡೆ ನಡೆಯಲಿ. ಅದರ ಜೊತೆಯಲ್ಲೇ ಅಂಗಡಿಯನ್ನೂ ಗಿರಣಿಯನ್ನೂ ಅಣಿಗೊಳಿಸಬೇಕು. ನಮ್ಮ ಹಿರಿಯ ವ್ಯಾಪಾರಿಗಳು ಇದಕ್ಕಿಂತ ದೊಡ್ಡ ಬದಲಾವಣೆಯನ್ನು ಕಂಡವರು. 1948ರಲ್ಲಿ ನಿಜಾಮನ ಆಳ್ವಿಕೆ ಮುಗಿದ ಮೇಲೆ ಹಾಲಿ ಸಿಕ್ಕಾ ಹೋಗಿ ಭಾರತದ ರೂಪಾಯಿ ಬಂತು. 1957ರ ಏಪ್ರಿಲಿನಲ್ಲಿ ಆಣೆಯ ಜಾಗಕ್ಕೆ ನಯಾಪೈಸೆ ಬಂತು. 1958ರ ಅಕ್ಟೋಬರಿನಿಂದ ಹಂತಹಂತವಾಗಿ ಸೇರು, ಮಣ ಹೋಗಿ ಕಿಲೋ ಬಂತು. ಆಗಲೂ ಗೊಂದಲವಿತ್ತು. ಆದರೆ ತೂಕದ ಬಟ್ಟಿಗೆ ಸರ್ಕಾರದ ಮುದ್ರೆ ಬಿದ್ದ ಮೇಲೆ ಗಿರಾಕಿಗೂ ನಂಬಿಕೆ ಬಂತು, ಪ್ರಾಮಾಣಿಕ ವ್ಯಾಪಾರಿಗೂ ಅನುಕೂಲವಾಯಿತು. ಯಂತ್ರದ ತೀರ್ಪಿಗೂ ಅಂಥದೊಂದು ಮುದ್ರೆಯ ಕಾಲ ಬರುತ್ತಿದೆ ಎಂದು ತಿಳಿದರೆ ಸಾಕು.

ವ್ಯಾಪಾರಿಗಳೂ ಸಣ್ಣ ಮಾಲೀಕರೂ ಮಾಡಬೇಕಾದುದನ್ನು ಸರಳವಾಗಿ ಹೇಳುತ್ತೇವೆ.

ಮೊದಲನೆಯದಾಗಿ, ಒಂದು ನೋಟುಬುಕ್ಕು ತೆಗೆದುಕೊಂಡು ಅಂಗಡಿಯಲ್ಲಿ, ಗಿರಣಿಯಲ್ಲಿ, ಫೋನಿನಲ್ಲಿ ಲೆಕ್ಕ ಹಾಕುವ, ಆರಿಸುವ, ಉತ್ತರಿಸುವ ಯಂತ್ರ ಮತ್ತು ಆಪ್‌ಗಳ ಪಟ್ಟಿ ಬರೆಯಿರಿ. ಪ್ರತಿಯೊಂದರ ಮುಂದೆ ಇದು ವಸ್ತುವನ್ನು ನೋಡುತ್ತದೆಯೋ ಮನುಷ್ಯನನ್ನು ನೋಡುತ್ತದೆಯೋ ಎಂದು ಗುರುತು ಹಾಕಿ. ಕಾಳು ನೋಡುವ ಯಂತ್ರದ ಬಗ್ಗೆ ದತ್ತಾಂಶ ಕಾಯಿದೆಯ ಚಿಂತೆ ಬೇಡ. ಮನುಷ್ಯನನ್ನು ನೋಡುವ ಪ್ರತಿಯೊಂದರ ಮೇಲೂ ಕಣ್ಣಿರಲಿ.

ಎರಡನೆಯದಾಗಿ, ಬೇಡದ ಮಾಹಿತಿ ಇಟ್ಟುಕೊಳ್ಳಬೇಡಿ. ಉದ್ರಿ ಕೊಡಲು ಹೆಸರು, ನಂಬರು ಸಾಕಾದರೆ ಆಧಾರ್ ಕಾರ್ಡಿನ ಚಿತ್ರ ಯಾಕೆ? ಬಾಕಿ ತೀರಿ, ಲೆಕ್ಕದ ಕಾನೂನಿಗೆ ಬೇಕಾದ ಅವಧಿ ಮುಗಿದ ಮೇಲೆ ಅಳಿಸಿಬಿಡಿ. ಇಲ್ಲದ ವಸ್ತುವನ್ನು ಯಾರೂ ಕದಿಯಲಾರರು. ಇರುವುದಕ್ಕೆ ಗಟ್ಟಿಯಾದ ಪಾಸ್‌ವರ್ಡು ಇರಲಿ. ಅಂಗಡಿಯ ಹುಡುಗರೆಲ್ಲರಿಗೂ ಒಂದೇ ಪಾಸ್‌ವರ್ಡು ಬೇಡ. ಗಿರಾಕಿಗಳ ಪಟ್ಟಿಯನ್ನು, ಕೆಲಸಗಾರರ ಪಗಾರದ ಪಟ್ಟಿಯನ್ನು ಪುಕ್ಕಟೆ ಸಿಗುವ ಎಐ ಆಪಿನೊಳಗೆ ಸುರಿದು ಲೆಕ್ಕ ಮಾಡಿಸುವ ಅಭ್ಯಾಸವನ್ನು ಇಂದೇ ನಿಲ್ಲಿಸಿ.

ಮೂರನೆಯದಾಗಿ, ಗಲ್ಲಾದ ಪಕ್ಕದಲ್ಲಿ ಕನ್ನಡದಲ್ಲಿ ನಾಲ್ಕು ಸಾಲಿನ ಹಲಗೆ ತೂಗಹಾಕಿ: ನಿಮ್ಮ ಹೆಸರು ಮತ್ತು ನಂಬರನ್ನು ಇಂಥ ಕೆಲಸಕ್ಕೆ ಇಟ್ಟುಕೊಳ್ಳುತ್ತೇವೆ, ಬೇಡವೆಂದರೆ ತೆಗೆಯುತ್ತೇವೆ, ದೂರಿದ್ದರೆ ಇವರನ್ನು ಕೇಳಿ. ನಮ್ಮ ಸೀಮೆಯಲ್ಲಿ ಉರ್ದು, ಮರಾಠಿ ಓದುವವರೂ ಇರುವುದರಿಂದ ಆ ಭಾಷೆಗಳಲ್ಲೂ ಬರೆಸಿದರೆ ಒಳ್ಳೆಯದು. ಹಲಗೆ ಒಪ್ಪಿಗೆಯ ಬದಲಿಯಲ್ಲ. ಒಪ್ಪಿಗೆ ಪಡೆದುದಕ್ಕೆ ಗುರುತೂ ಇರಬೇಕು. 18 ವರ್ಷ ತುಂಬದವರ ಮಾಹಿತಿಗೆ ತಾಯಿತಂದೆಯರ ಒಪ್ಪಿಗೆ ಬೇಕೆಂಬುದು ನೆನಪಿರಲಿ. ಟ್ಯೂಷನ್ ನಡೆಸುವವರು, ಮಕ್ಕಳಿಗೆ ಫೋನಿನಲ್ಲಿ ಮಾರಾಟ ಮಾಡುವವರು ಇದನ್ನು ವಿಶೇಷವಾಗಿ ಗಮನಿಸಬೇಕು.

ನಾಲ್ಕನೆಯದಾಗಿ, ಯಂತ್ರವನ್ನೋ ಆಪನ್ನೋ ಮಾರುವವನಿಂದ ಬರಹದಲ್ಲಿ ಉತ್ತರ ಪಡೆಯಿರಿ. ಮಾಹಿತಿ ಎಲ್ಲಿ ಇರುತ್ತದೆ? ಅದನ್ನು ತನ್ನ ಯಂತ್ರಕ್ಕೆ ಪಾಠ ಕಲಿಸಲು ಅವನು ಬಳಸುತ್ತಾನೆಯೇ? ತಪ್ಪಾದರೆ ತಿದ್ದುವುದು ಹೇಗೆ? ಸೋರಿಹೋದರೆ ಎಷ್ಟು ಹೊತ್ತಿನಲ್ಲಿ ತಿಳಿಸುತ್ತಾನೆ? ಕರಾರು ಮುಗಿದ ಮೇಲೆ ಅಳಿಸುತ್ತಾನೆಯೇ? ಕರಾರು ಪತ್ರವಿಲ್ಲದೆ ಇಂಥ ಕೆಲಸವನ್ನು ಬೇರೆಯವರಿಗೆ ವಹಿಸುವಂತಿಲ್ಲ ಎಂಬುದು ಕಾಯಿದೆಯ ಮಾತು. ಉತ್ತರ ಕೊಡದವನ ಯಂತ್ರ ಎಷ್ಟೇ ಅಗ್ಗವಾದರೂ ಕೊಳ್ಳಬೇಡಿ.

ಐದನೆಯದಾಗಿ, ಯಂತ್ರ ಹೇಳಿತೆಂದು ಯಾರ ಪಗಾರವನ್ನೂ ಕತ್ತರಿಸಬೇಡಿ, ಯಾರನ್ನೂ ತೆಗೆಯಬೇಡಿ, ಯಾರ ಉದ್ರಿಯನ್ನೂ ನಿಲ್ಲಿಸಬೇಡಿ. ಯಂತ್ರ ಸೂಚಿಸಲಿ, ಮನುಷ್ಯ ನೋಡಿ ತೀರ್ಮಾನಿಸಲಿ, ತೀರ್ಮಾನಿಸಿದವನು ಪುಸ್ತಕದಲ್ಲಿ ಸಹಿ ಮಾಡಲಿ. ಹಾಜರಿ ಯಂತ್ರದ ಪಕ್ಕದಲ್ಲಿ ಕೈಬರಹದ ಹಾಜರಿ ಪುಸ್ತಕವೂ ಇರಲಿ. ಬೇಳೆಯ ಧೂಳು, ಬೆವರು, ತಲೆಯ ಮೇಲಿನ ರುಮಾಲು ಇವುಗಳ ನಡುವೆ ಮುಖ ಗುರುತಿಸದಿದ್ದರೆ ಅದು ದುಡಿದವನ ತಪ್ಪಲ್ಲ.

ಆರನೆಯದಾಗಿ, ಜಾಹೀರಾತಿನ ವಿಷಯ. ಎಐನಿಂದ ಮಾಡಿದ ಚಿತ್ರ, ದನಿಗಳ ಮೇಲೆ ಹಾಗೆಂದು ಗುರುತು ಇರಬೇಕೆಂದು 2026ರ ಫೆಬ್ರುವರಿಯಲ್ಲಿ ಮಾಹಿತಿ ತಂತ್ರಜ್ಞಾನ ನಿಯಮಗಳಿಗೆ ತಿದ್ದುಪಡಿಯಾಯಿತು. ಅದರ ಮುಖ್ಯ ಹೊಣೆ ಸಾಮಾಜಿಕ ಜಾಲತಾಣಗಳ ಕಂಪನಿಗಳದು. ಆದರೂ ಹಾಕುವವನು ತಾನಾಗಿ ತಿಳಿಸಬೇಕಾಗುತ್ತದೆ. ಸಿನಿಮಾ ನಟನ ಮುಖವನ್ನು ಯಂತ್ರದಿಂದ ಮಾಡಿಸಿ ನಮ್ಮ ಅಂಗಡಿಯ ಸೀರೆ ಹೊಗಳಿಸುವುದು ಗಿರಾಕಿಗೆ ಮಾಡುವ ಮೋಸ. ದಾರಿತಪ್ಪಿಸುವ ಜಾಹೀರಾತನ್ನು 2019ರ ಗ್ರಾಹಕ ಸಂರಕ್ಷಣಾ ಕಾಯಿದೆಯೂ ಕ್ಷಮಿಸದು.

ಇಷ್ಟನ್ನು ಮಾಡಲು ವಕೀಲನೂ ಬೇಡ, ಸಾವಿರಾರು ರೂಪಾಯಿಯೂ ಬೇಡ. ಒಂದು ಭಾನುವಾರದ ಮಧ್ಯಾಹ್ನ ಮತ್ತು ಒಂದು ನೋಟುಬುಕ್ಕು ಬೇಕು.

ಇನ್ನು ಗಿರಣಿ ಕಾರ್ಮಿಕರಿಗೆ ಎರಡು ಮಾತು. ಯಂತ್ರವನ್ನು ಒಡೆಯುವ ಮಾತನ್ನು ನಾವು ಆಡುವುದಿಲ್ಲ. ಕಲ್ಲು ಆರಿಸಿ ಆರಿಸಿ ಕಣ್ಣು ಮಂಜಾದ ತಾಯಂದಿರ ಕೆಲಸವನ್ನು ಯಂತ್ರ ಹಗುರ ಮಾಡುವುದಾದರೆ ಅದನ್ನು ಸ್ವಾಗತಿಸೋಣ. ಆದರೆ ಹಗುರವಾದ ಕೆಲಸದ ಲಾಭ ಯಾರಿಗೆ? ಆ ತಾಯಂದಿರಿಗೆ ಬೇರೆ ಕೆಲಸ ಕಲಿಸಿದ್ದಾರೆಯೇ, ಮನೆಗೆ ಕಳಿಸಿದ್ದಾರೆಯೇ? ಕೆಲಸಗಾರರನ್ನು ಕಡಿಮೆ ಮಾಡುವ ಸಂಭವವಿರುವಂತೆ ಯಂತ್ರ ಅಥವಾ ವಿಧಾನವನ್ನು ಬದಲಿಸುವ ಮುನ್ನ ಕಾರ್ಮಿಕರಿಗೆ 21 ದಿನಗಳ ನೋಟೀಸು ಕೊಡಬೇಕೆಂಬುದು 1947ರ ಕೈಗಾರಿಕಾ ವಿವಾದ ಕಾಯಿದೆಯ ಕಾಲದಿಂದ ಬಂದ ಹಕ್ಕು. 2025ರ ನವೆಂಬರ್ 21ರಂದು ಜಾರಿಗೆ ಬಂದ ಔದ್ಯೋಗಿಕ ಸಂಬಂಧಗಳ ಸಂಹಿತೆಯಲ್ಲೂ ಅದು ಉಳಿದಿದೆ. ಆ ಸಂಹಿತೆಯ ಬಗ್ಗೆ ನಮ್ಮ ಆಕ್ಷೇಪಗಳೇನೇ ಇರಲಿ, ಈ ಹಕ್ಕನ್ನು ಬಿಟ್ಟುಕೊಡಬಾರದು. ಯಂತ್ರಕ್ಕೆ ಎಐ ಎಂಬ ಹೊಸ ಹೆಸರು ಬಂದ ಮಾತ್ರಕ್ಕೆ ಹಳೆಯ ಹಕ್ಕು ಸಾಯುವುದಿಲ್ಲ.

ಆಳು ಆರಿಸುವ ಯಂತ್ರದ ವಿಷಯದಲ್ಲಿ ನಮ್ಮ ರಾಜ್ಯವೇ ಒಂದು ದಾರಿ ತೋರಿಸಿದೆ. ಮನೆಮನೆಗೆ ಊಟ, ಸಾಮಾನು ತಲುಪಿಸುವ, ಬಾಡಿಗೆ ವಾಹನ ಓಡಿಸುವ ಗಿಗ್ ಕಾರ್ಮಿಕರಿಗಾಗಿ ಕರ್ನಾಟಕ 2025ರಲ್ಲಿ ಕಾಯಿದೆ ಮಾಡಿತು. ಕೆಲಸ ಹಂಚುವ, ಅಂಕ ಕೊಡುವ, ಕೂಲಿ ನಿರ್ಧರಿಸುವ ಸ್ವಯಂಚಾಲಿತ ವ್ಯವಸ್ಥೆಯ ಬಗ್ಗೆ ಕಾರ್ಮಿಕನಿಗೆ ತಿಳಿಸಬೇಕೆಂದೂ, ಕಾರಣ ಬರೆದು ಕೊಡದೆ, 14 ದಿನಗಳ ಮುನ್ಸೂಚನೆ ಇಲ್ಲದೆ ತೆಗೆಯಬಾರದೆಂದೂ ಅದು ಹೇಳುತ್ತದೆ. ಬೈಕಿನ ಮೇಲೆ ದುಡಿಯುವವನಿಗೆ ಸಿಕ್ಕ ಈ ಹಕ್ಕು ಗಿರಣಿಯೊಳಗೆ ದುಡಿಯುವವನಿಗೆ ಯಾಕಿಲ್ಲ? ಯೂರೋಪಿನ ಒಕ್ಕೂಟ 2024ರಲ್ಲಿ ಜಾರಿಗೆ ತಂದ ಎಐ ಕಾಯಿದೆ ನಮ್ಮ ಅಂಗಡಿಗಳಿಗೆ ಅನ್ವಯಿಸದು. ಆದರೂ ಅದರಿಂದ ಕಲಿಯುವುದಿದೆ. ಕೆಲಸದ ಜಾಗದಲ್ಲಿ ಕಾರ್ಮಿಕನ ಮುಖ ನೋಡಿ ಅವನ ಮನಸ್ಸಿನ ಭಾವನೆಯನ್ನು ಊಹಿಸುವ ಯಂತ್ರವನ್ನು, ವೈದ್ಯಕೀಯ ಮತ್ತು ಸುರಕ್ಷತೆಯ ಕಾರಣ ಬಿಟ್ಟು, ಅಲ್ಲಿ 2025ರ ಫೆಬ್ರುವರಿಯಿಂದ ನಿಷೇಧಿಸಲಾಗಿದೆ. ಕೆಲಸಗಾರರ ಮೇಲೆ ತೀರ್ಮಾನ ಮಾಡುವ ಯಂತ್ರ ತರುವ ಮುನ್ನ ಅವರ ಪ್ರತಿನಿಧಿಗಳಿಗೆ ತಿಳಿಸಬೇಕೆಂಬ ನಿಯಮವಿದೆ. ಸಣ್ಣ ಉದ್ಯಮಿ ತಪ್ಪಿದರೆ ಅವನ ದಂಡಕ್ಕೆ ದೊಡ್ಡ ಕಂಪನಿಗಿಂತ ಕೆಳಗಿನ ಮಿತಿಯನ್ನು ಅದೇ ಕಾಯಿದೆ ಇಟ್ಟಿದೆ. ಸಣ್ಣವನಿಗೆ ರಿಯಾಯಿತಿ, ದುಡಿಯುವವನಿಗೆ ರಕ್ಷಣೆ ಎರಡೂ ಒಂದೇ ಕಾನೂನಿನಲ್ಲಿ ಕೂಡಿ ಬಾಳಬಹುದೆಂಬುದಕ್ಕೆ ಇದು ಸಾಕ್ಷಿ.

ಆದ್ದರಿಂದ ನಮ್ಮ ಒತ್ತಾಯಗಳು ಇವು. ಕೇಂದ್ರ ಸರ್ಕಾರವು ಸಣ್ಣ ಅಂಗಡಿ, ಸಣ್ಣ ಗಿರಣಿ, ವರ್ಕ್‌ಶಾಪುಗಳಿಗೆ ಕಾಗದಪತ್ರಗಳ ವಿನಾಯಿತಿಯನ್ನು ಸ್ಪಷ್ಟವಾಗಿ ಪ್ರಕಟಿಸಲಿ; ಮಾಹಿತಿಯ ಸತ್ಯತೆಯ ಕಲಮಿನಿಂದ ಮಾತ್ರ ಯಾರಿಗೂ ವಿನಾಯಿತಿ ಬೇಡ. ದಂಡಕ್ಕೆ ವಹಿವಾಟಿನ ಗಾತ್ರಕ್ಕೆ ತಕ್ಕ ಹಂತಗಳನ್ನು ಗೊತ್ತುಮಾಡಲಿ. ಯಂತ್ರ ಮತ್ತು ಸಾಫ್ಟ್‌ವೇರ್ ಮಾರುವ ಕಂಪನಿಯನ್ನು ಕೊಂಡವನ ಬೆನ್ನ ಹಿಂದೆ ಅಡಗಲು ಬಿಡದೆ ಹೊಣೆ ಮಾಡಲಿ. ಕಾರ್ಮಿಕನ ಮುಖ, ಬೆರಳಚ್ಚು ಪಡೆಯಲು ಅವನ ಒಪ್ಪಿಗೆಯನ್ನೋ ಸಂಘದ ಒಪ್ಪಂದವನ್ನೋ ಕಡ್ಡಾಯ ಮಾಡಲಿ. ನೊಂದವನಿಗೆ ಪರಿಹಾರ ಕೊಡುವ ಕಲಮನ್ನು ಸೇರಿಸಲಿ. ರಾಜ್ಯ ಸರ್ಕಾರವು ಬಸವಕಲ್ಯಾಣ ಮತ್ತು ಹುಮನಾಬಾದದಲ್ಲಿ ತಿಂಗಳಿಗೊಮ್ಮೆಯಾದರೂ ಕನ್ನಡದಲ್ಲಿ ತಿಳಿಸಿ ಹೇಳುವ ಅಧಿಕಾರಿಯನ್ನು ಕೂರಿಸಲಿ. ನೋಟೀಸು ಕಳಿಸುವ ಮುಂಚೆ ತಿಳುವಳಿಕೆ ಕಳಿಸಲಿ.

ಸರ್ಕಾರ ಕದಲುವವರೆಗೂ ಕಾಯಬೇಕಾಗಿಲ್ಲ. ವ್ಯಾಪಾರಿಗಳ ಸಂಘವೂ ಕಾರ್ಮಿಕರ ಸಂಘವೂ ಒಂದೇ ಚಾಪೆಯ ಮೇಲೆ ಕುಳಿತು ಒಂದು ಮಾದರಿ ಹಲಗೆ, ಒಂದು ಮಾದರಿ ಕರಾರು ಪತ್ರ, ಒಂದು ಮಾದರಿ ಹಾಜರಿ ನಿಯಮ ಬರೆದುಕೊಳ್ಳಬಹುದು. ಒಬ್ಬೊಬ್ಬರೇ ಕೇಳಿದರೆ ಸಾಫ್ಟ್‌ವೇರ್ ಕಂಪನಿ ಫೋನು ಎತ್ತುವುದಿಲ್ಲ. ನೂರು ಅಂಗಡಿಗಳು ಒಟ್ಟಾಗಿ ಕೇಳಿದರೆ ಮನೆಬಾಗಿಲಿಗೆ ಬಂದು ಉತ್ತರ ಹೇಳುತ್ತದೆ.

ನಮ್ಮದು ಕಲ್ಯಾಣದ ನೆಲ. 12ನೆಯ ಶತಮಾನದಲ್ಲಿ ಬಸವಣ್ಣನವರು ಬಿಜ್ಜಳನ ಭಂಡಾರಿಯಾಗಿದ್ದರೆಂದೂ, ಭಂಡಾರದ ಹಣ ಪೋಲಾಗಿದೆಯೆಂಬ ಅಪವಾದ ಬಂದಾಗ ಲೆಕ್ಕವನ್ನು ಎಲ್ಲರ ಮುಂದೆ ತೆರೆದಿಟ್ಟರೆಂದೂ ಪರಂಪರೆಯ ಕಥೆ ಹೇಳುತ್ತದೆ. ಅಧಿಕಾರವಿದ್ದವನು ಲೆಕ್ಕ ತೋರಿಸಬೇಕು, ಕೇಳುವವನು ಚಮ್ಮಾರನಾಗಲಿ ಅಂಬಿಗನಾಗಲಿ ಅವನಿಗೆ ಉತ್ತರ ಸಿಗಬೇಕು ಎಂಬುದು ಈ ಊರು ಲೋಕಕ್ಕೆ ಹೇಳಿದ ಪಾಠ. ಇಂದು ಅಧಿಕಾರದ ಒಂದು ಪಾಲು ಯಂತ್ರದ ಕೈಗೆ ಹೋಗುತ್ತಿದೆ. ಅದೂ ಲೆಕ್ಕ ತೋರಿಸಲಿ. ಈ ವಾರವೇ ಆ ನೋಟುಬುಕ್ಕನ್ನು ತೆರೆಯಿರಿ.